ರಿಜಿಸ್ಟರಿನಲ್ಲಿ ನನ್ನ ಹೆಸರು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಚಿಕ್ಕಂದಿನಲ್ಲಿ ಓದಿದ ಪುಸ್ತಕಗಳ ಬಗ್ಗೆ ಹತ್ತು ನಿಮಿಷ ಮಾತನಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ಈಗಷ್ಟೇ ನಿರೂಪಕರು ನನ್ನನ್ನು 'ಈ ಶಾಲೆಯ ಗ್ರಂಥಾಲಯವನ್ನೆಲ್ಲ ಓದಿ ಮುಗಿಸಿದವರು' ಎಂದು ಪರಿಚಯಿಸಿದರು. ನೀವು ಚಪ್ಪಾಳೆಯನ್ನೂ ತಟ್ಟಿದಿರಿ. ಆ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳಿದೆ. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಎಂಟನೇ ತರಗತಿಗೆ ಸೇರಿದ್ದು 1980ರಲ್ಲಿ. ಆಗ ಗ್ರಂಥಾಲಯ ಎಂದರೆ ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಎರಡು ಕಬ್ಬಿಣದ ಬೀರು. ಬೀಗದಕೈ ಕನ್ನಡ ಮೇಷ್ಟ್ರ ಹತ್ತಿರ. ಶನಿವಾರ ಶಾಲೆ ಬಿಟ್ಟ ಮೇಲೆ ಒಬ್ಬರಿಗೆ ಒಂದೇ ಪುಸ್ತಕ. ನಮಗೆಲ್ಲ ಬೇಕಾಗಿದ್ದದ್ದು ರಾಷ್ಟ್ರೋತ್ಥಾನದ 'ಭಾರತ ಭಾರತಿ' ಮಾಲೆಯ ಪುಟ್ಟ ಪುಸ್ತಕಗಳು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಒಟ್ಟು 510 ಬಂದವು. ನಮ್ಮ ಬೀರುವಿನಲ್ಲಿ ನೂರಿದ್ದರೆ ಹೆಚ್ಚು. ನಿಕ್ಕರಿನ ಜೇಬಿನಲ್ಲಿಟ್ಟುಕೊಂಡು ಹೋದರೆ ಎಮ್ಮೆ ಮೇಯಿಸಿ ಬರುವಷ್ಟರಲ್ಲಿ ಒಂದು ಮುಗಿಯುತ್ತಿತ್ತು.

ಬೀರುವಿನಲ್ಲಿ ಇಲ್ಲದ ಪುಸ್ತಕಗಳ ರುಚಿಯೇ ಬೇರೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ದಿನಕ್ಕೆ ಹತ್ತು ಪೈಸೆ ಬಾಡಿಗೆಗೆ ಸಿಗುತ್ತಿದ್ದವು. ದಬ್ಬಣದಲ್ಲಿ ಹೊಲಿದು ರಟ್ಟು ಅಂಟಿಸಿದ ಪುಸ್ತಕಗಳು. ಒಂದರ ಕೊನೆಯ ಹಾಳೆಗಳು ಹರಿದುಹೋಗಿದ್ದವು. ಕೊಲೆಗಾರ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೇಷ್ಟ್ರುಗಳಿಗೆ ಅವನ್ನು ಕಂಡರಾಗದು. ಆದರೆ ನಾಲ್ಕನೇ ತರಗತಿಯವರೆಗೆ ಓದಿ 500ಕ್ಕೂ ಹೆಚ್ಚು ಕಾದಂಬರಿ ಬರೆದ ಆ ಮನುಷ್ಯರೇ ನಮ್ಮೂರಿನ ಹುಡುಗರಿಗೆ ಓದಿನ ಚಟ ಹತ್ತಿಸಿದವರು ಎಂಬುದು ನನ್ನ ಅಭಿಪ್ರಾಯ.

ಈಗ ಸುಳ್ಳಿನ ವಿಷಯ.

ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು ನಮ್ಮಕ್ಕ. ಏಳನೇ ತರಗತಿಯಲ್ಲಿ ಊರಿಗೇ ಮೊದಲು ಬಂದಳು. ಈ ಹೈಸ್ಕೂಲು ಆಗ ಹೊಸದು. "ನಾಲ್ಕು ಮೈಲಿ ದಾರಿ, ಹೆಣ್ಣುಮಗು ನಡೆದು ಹೋಗೋದು ಬೇಡ" ಎಂದರು ಅಪ್ಪ. ಅದೇ ದಾರಿಗೆ ನನಗೆ ಸೈಕಲ್ ಕೊಡಿಸಿದರು.

ಮೊದಲ ಶನಿವಾರ ನಾನು ತಂದ ಪುಸ್ತಕವನ್ನು ಅಕ್ಕ ಬುಡ್ಡಿ ದೀಪದಲ್ಲಿ ಒಂದೇ ರಾತ್ರಿಗೆ ಮುಗಿಸಿದಳು. "ಮುಂದಿನ ವಾರ ಸ್ವಲ್ಪ ದಪ್ಪದ್ದು ತಾರೋ" ಎಂದಳು. ದಪ್ಪದ್ದೆಂದು ಕೈಗೆ ಸಿಕ್ಕಿದ್ದು ತ್ರಿವೇಣಿಯವರ 'ಬೆಳ್ಳಿಮೋಡ', ಅದಾದ ಮೇಲೆ 'ಶರಪಂಜರ'. ಹೆರಿಗೆಯ ನಂತರ ಮನಸ್ಸು ಕದಡಿ, ವಾಸಿಯಾಗಿ ಮನೆಗೆ ಬಂದ ಹೆಂಗಸನ್ನು ಮನೆಯವರೇ ಹುಚ್ಚಿಯೆಂಬಂತೆ ಕಾಣುವ ಕಥೆ ಅದು. ಅಕ್ಕ ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ರಾಗಿ ಬೀಸುತ್ತಾ ಇಡೀ ಕಥೆಯನ್ನು ಅಮ್ಮನಿಗೆ ಹೇಳಿದಳು. ನಮ್ಮ ಹಿಂದಿನ ಬೀದಿಯಲ್ಲಿ ಅಂಥದೇ ಒಬ್ಬ ಸೊಸೆ ಇದ್ದಳು. ಅಮ್ಮ ಅವಳನ್ನು ಜಗಲಿಗೆ ಕರೆದು ಕಾಫಿ ಕೊಡಲು ಶುರುಮಾಡಿದ್ದು ಆ ವಾರದಿಂದ.

ಪುಸ್ತಕ ಹಿಂದಿರುಗಿಸಿದಾಗ ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು.

"ಏನಯ್ಯಾ, ತ್ರಿವೇಣಿ ಓದ್ತೀಯಾ?"

"ಹೂಂ ಸಾರ್."

"ಕಾವೇರಿ ಕೊನೆಗೆ ಏನಾದಳು ಹೇಳು."

"ಸಮುದ್ರ ಸೇರಿದಳು ಸಾರ್."

ಕಾವೇರಿ ಎಂಬುದು ಕಥಾನಾಯಕಿಯ ಹೆಸರೆಂದು ನನಗೇನು ಗೊತ್ತು? ಮೇಷ್ಟ್ರು ನಗಲಿಲ್ಲ. "ಮನೇಲಿ ಯಾರು ಓದೋದು?" ಎಂದರು. ಅಕ್ಕ ಎಂದೆ. ಅಂದಿನಿಂದ ವಾರಕ್ಕೆ ಎರಡು ಪುಸ್ತಕ, ಎರಡಕ್ಕೂ ರಿಜಿಸ್ಟರಿನಲ್ಲಿ ನನ್ನ ಹೆಸರು. ನಿಯಮಕ್ಕೆ ವಿರುದ್ಧವೇ ಸರಿ. ಒಂದು ಸಲ ಅವರೇ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ತೆಗೆದುಕೊಟ್ಟರು. ಒಳಗೊಂದು ಚೀಟಿ ಇತ್ತು: ಇಂದಿರಾ ಅವರೂ ಶಾಲೆಗೆ ಹೋದದ್ದು ಏಳೇ ವರ್ಷ, ಹನ್ನೆರಡಕ್ಕೆ ಮದುವೆ, ಮೊದಲ ಕಾದಂಬರಿ 'ತುಂಗಭದ್ರ' ಬಂದಾಗ ವಯಸ್ಸು ನಲವತ್ತೈದು ದಾಟಿತ್ತು. ಆ ಚೀಟಿ ಅಕ್ಕನ ಟ್ರಂಕಿನಲ್ಲಿ ಈಗಲೂ ಇದೆ.

ಹಳೆಯ ರಿಜಿಸ್ಟರನ್ನು ಸಮಿತಿಯವರು ಹೊರಗೆ ತೆಗೆದು ಎಣಿಸಿದ್ದಾರೆ. ನನ್ನ ಹೆಸರಿನಲ್ಲಿ 112 ಪುಸ್ತಕ. ನಾನು ಓದಿದ್ದು ನಲವತ್ತಿರಬಹುದು.

ಅಕ್ಕ ಅಲ್ಲಿ ಮೂರನೇ ಸಾಲಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದಾಳೆ. ಈ ಕಾಂಪೌಂಡಿನೊಳಗೆ ಅವಳು ಕಾಲಿಟ್ಟಿದ್ದು ಇವತ್ತೇ ಮೊದಲು. ಮುಖ್ಯ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಊಟಕ್ಕೆ ಮೊದಲು ಗ್ರಂಥಾಲಯದ ಬೀಗ ತೆಗೆಸಿ, ಯಾವುದಾದರೂ ಒಂದು ಪುಸ್ತಕವನ್ನು ಅವಳ ಹೆಸರಿನಲ್ಲೇ ಬರೆದು ಕೊಡಿ. ಸ್ವಲ್ಪ ದಪ್ಪದ್ದೇ ಇರಲಿ. ಹಿಂದಿರುಗಿಸುವ ಜವಾಬ್ದಾರಿ ನನ್ನದು.