ಬಂಡಿದಾರಿಯಲ್ಲಿ ಸೈಕಲ್ ಸವಾರಿ

(ಮಸರಕಲ್‌ನಲ್ಲಿ ಮಾಡಿದ ಭಾಷಣದ ಪಾಠ)



ಮೋಟಾರು ಸುಳಿಯದ ಕಾಡುದಾರಿಯಲ್ಲಿ ಸೈಕಲ್ ತುಳಿಯುವ ಹವ್ಯಾಸ ನಗರವಾಸಿಗಳಲ್ಲಿ ಬೆಳೆದಿದೆ. ಬೆಂಗಳೂರಿನ ಅಂಚಿನ ತುರಹಳ್ಳಿ ಕಾಡು ಅಂಥ ಸವಾರರಿಗೆ ಪರಿಚಿತ ತಾಣ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ನಿರ್ಮಿಸುವ ಪ್ರಸ್ತಾವ ಬಂದಾಗ, ಕಾಡು ಕಾಡಾಗಿಯೇ ಉಳಿಯಲೆಂದು ನಾಗರಿಕರು ಪ್ರತಿಭಟಿಸಿದರು. ಈ ಮಾತು ಸವಾರರಿಗೂ ಅನ್ವಯಿಸಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಜಾರುವ ಚಕ್ರ ಮೇಲ್ಮಣ್ಣನ್ನು ಕೆರೆಯುತ್ತದೆ. ಆ ಗೀರಿನಲ್ಲಿ ಮಳೆನೀರು ಹರಿದು ಕೊರಕಲಾಗುತ್ತದೆ.

ನಮ್ಮ ಮಸರಕಲ್, ದೇವದುರ್ಗ, ಮಾನ್ವಿ ಸೀಮೆಯಲ್ಲಿ ದಟ್ಟ ಕಾಡಿಲ್ಲ. ಬಂಡೆಗಲ್ಲಿನ ಗುಡ್ಡಗಳೂ ಕುರುಚಲು ಗಿಡಗಳೂ ಇವೆ. ಅಲ್ಲಿನ ತೆಳುಮಣ್ಣು ಒಮ್ಮೆ ಕೊಚ್ಚಿಹೋದರೆ ಮರಳಿ ಕೂಡಲು ತಲೆಮಾರುಗಳೇ ಬೇಕು. ಆದಕಾರಣ ಗುಡ್ಡದ ಮೈಮೇಲೆ ಹೊಸ ಜಾಡು ಬೇಡ. ಊರಿಂದೂರಿಗೆ ಸಾಗುವ ಹಳೆಯ ಬಂಡಿದಾರಿಗಳೇ ಸಾಕು. ಗರಸುನೆಲದಲ್ಲಿ ನೀರು ಬೇಗ ಬಸಿಯುತ್ತದೆ. ಎರೆನೆಲದ ದಾರಿಗೆ ಮಳೆಗಾಲದಲ್ಲಿ ಇಳಿಯಬಾರದು: ಮಣ್ಣು ಚಕ್ರಕ್ಕೆ ಮೆತ್ತಿ ಸೈಕಲ್ ನಿಲ್ಲುತ್ತದೆ, ದಾರಿಯೂ ಕೆಡುತ್ತದೆ. ಕುರಿಹಿಂಡು ಎದುರಾದರೆ ಇಳಿದು ನಿಲ್ಲಬೇಕು. ದಾರಿಯ ಮೊದಲ ಹಕ್ಕು ಕುರಿಗಾಹಿಯದು.

2006-07ರಿಂದ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದಂಥ ಸಾದಾ ಸೈಕಲ್ಲೇ ಇದಕ್ಕೆ ಸಾಲುತ್ತದೆ. ಆದರೆ ದಾರಿಯೇ ಉಳಿಯದಿದ್ದರೆ? ಬಂಡಿಗಳ ಓಡಾಟ ಕಡಿಮೆಯಾದಂತೆ ಎರಡೂ ಬದಿಯ ಬದು ಒಳಸರಿಯುತ್ತದೆ. ಕೆಲವೇ ವರ್ಷಗಳಲ್ಲಿ ದಾರಿ ಹೊಲವಾಗುತ್ತದೆ. ಇದರಿಂದ ಹೆಚ್ಚು ಸೊರಗುವವರು ಸವಾರರಲ್ಲ, ಬಿತ್ತನೆಗೂ ಸುಗ್ಗಿಗೂ ಹೊಲ ತಲುಪಬೇಕಾದ ಒಳಭಾಗದ ರೈತರು. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತಿರುತ್ತದೆ. ವಿದ್ಯಾರ್ಥಿಗಳು ನಕಾಶೆಯ ಪ್ರತಿ ಹಿಡಿದು, ಹಿರಿಯರನ್ನು ಕೇಳಿಕೊಂಡು, ಒಂದೊಂದು ದಾರಿಯಲ್ಲೂ ಸವಾರಿ ಮಾಡಿ ನೋಡಲಿ. ಮುಚ್ಚಿಹೋದ ದಾರಿಗಳ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡಲಿ.