ಮಣ್ಣಿನ ತೇವ ತಿಳಿಸುವ ಗಾಜಿನ ಎಳೆ



ನಾಲೆಯ ಏರಿ ಒಡೆಯುವುದು ಒಂದೇ ದಿನದಲ್ಲಾದರೂ ಅದಕ್ಕೆ ಕಾರಣವಾದ ಸೋರಿಕೆ ಕಣ್ಣಿಗೆ ಕಾಣದಂತೆ ಎಷ್ಟೋ ದಿನ ಮೊದಲೇ ಆರಂಭವಾಗಿರುತ್ತದೆ. ಒಡೆದ ಕಡೆ ಪೈರು ಕೊಚ್ಚಿಹೋಗುತ್ತದೆ. ನಾಲೆಯ ಕೊನೆಯ ಭಾಗದಲ್ಲಿ ನೀರಿಲ್ಲದೆ ಒಣಗುತ್ತದೆ. ಇಂಥ ಸೋರಿಕೆಯನ್ನು ಮುಂಚಿತವಾಗಿ ಪತ್ತೆಹಚ್ಚಲು ಗಾಜಿನ ಎಳೆಯ ಕೇಬಲ್, ಅಂದರೆ ಆಪ್ಟಿಕಲ್ ಫೈಬರ್, ನೆರವಾಗುತ್ತದೆ. ಹಳ್ಳಿಗಳಿಗೆ ಇಂಟರ್ನೆಟ್ ತಂದಿರುವುದೂ ಇದೇ ಬಗೆಯ ಎಳೆ.

ಇದು ಕೆಲಸ ಮಾಡುವ ಬಗೆ ಹೀಗಿದೆ: ಕೇಬಲಿನ ಒಂದು ತುದಿಯಿಂದ ಲೇಸರ್ ಬೆಳಕನ್ನು ಬಿಟ್ಟು ಬಿಟ್ಟು ಹಾಯಿಸುತ್ತಾರೆ. ಅದರ ಅತ್ಯಲ್ಪ ಭಾಗ ದಾರಿಯುದ್ದಕ್ಕೂ ಚದುರಿ ಹಿಂದಿರುಗುತ್ತದೆ. ಹೀಗೆ ಬಂದ ಬೆಳಕಿನಲ್ಲಿ ಬಣ್ಣ ಬದಲಾದ ಒಂದು ಅಂಶವಿರುತ್ತದೆ. 1928ರಲ್ಲಿ ಸರ್ ಸಿ. ವಿ. ರಾಮನ್ ಅವರು ಕಂಡುಹಿಡಿದ ರಾಮನ್ ಪರಿಣಾಮವೇ ಇದಕ್ಕೆ ಕಾರಣ. ಕೇಬಲ್ ಬೆಚ್ಚಗಾದಂತೆ ಈ ಅಂಶ ಹೆಚ್ಚುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುವುದರಿಂದ, ಹಿಂದಿರುಗಲು ಹಿಡಿದ ಸಮಯವನ್ನು ನೋಡಿ ಅದು ಯಾವ ಜಾಗದಿಂದ ಬಂತೆಂದು ತಿಳಿಯುತ್ತದೆ. ಹೀಗೆ ಹಲವು ಕಿ.ಮೀ. ಉದ್ದಕ್ಕೂ ಸುಮಾರು ಪ್ರತಿ ಮೀಟರಿನ ಉಷ್ಣತೆಯನ್ನು ಕುಳಿತಲ್ಲೇ ಅಳೆಯಬಹುದು.

ಏರಿಯೊಳಗೆ ನೀರು ಜಿನುಗಿದ ಕಡೆ ಮಣ್ಣಿನ ಉಷ್ಣತೆ ಅಕ್ಕಪಕ್ಕಕ್ಕಿಂತ ಬೇರೆಯಾಗುತ್ತದೆ. ಜರ್ಮನಿ, ಸ್ವೀಡನ್ ದೇಶಗಳು 1990ರ ದಶಕದಲ್ಲೇ ಈ ವಿಧಾನವನ್ನು ಬಳಸಿದವು.

ಹೊಲದಲ್ಲಿ ಕೇಬಲನ್ನು ಹೂತು, ಅದರ ಲೋಹದ ಹೊದಿಕೆಗೆ ಕೆಲವು ನಿಮಿಷ ವಿದ್ಯುತ್ ಹಾಯಿಸಿ ಬಿಸಿ ಮಾಡುತ್ತಾರೆ. ಹಸಿ ಮಣ್ಣು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಒಣಮಣ್ಣಿನಲ್ಲಿ ಕೇಬಲ್ ಹೆಚ್ಚು ಬಿಸಿಯಾಗುತ್ತದೆ. ಈ ವ್ಯತ್ಯಾಸದಿಂದ ತೇವಾಂಶವನ್ನು ಲೆಕ್ಕ ಹಾಕಬಹುದೆಂದು 2010ರಲ್ಲಿ ಪ್ರಕಟವಾದ ಅಮೆರಿಕದ ಆರೆಗನ್ ರಾಜ್ಯ ವಿಶ್ವವಿದ್ಯಾಲಯದ ಸಂಶೋಧನೆ ತೋರಿಸಿತು. ಆದರೆ ಮಣ್ಣಿನ ಬಗೆಗೆ ತಕ್ಕಂತೆ ಲೆಕ್ಕವನ್ನು ಹೊಂದಿಸಬೇಕು. ಉಳುಮೆಯ ನೇಗಿಲು ತಗುಲಿ ಎಳೆ ತುಂಡಾದರೆ ಅಲ್ಲಿಂದ ಮುಂದಿನ ಸುದ್ದಿ ಬರುವುದಿಲ್ಲ.

ಈ ಉಪಕರಣ ದುಬಾರಿ. ನಾಲೆ, ಅಣೆಕಟ್ಟು, ಸಂಶೋಧನಾ ಕ್ಷೇತ್ರಗಳಿಗೆ ಇದು ಹೊಂದುತ್ತದೆ. ಒಬ್ಬೊಬ್ಬ ರೈತ ಕೊಳ್ಳುವಂಥದಲ್ಲ. ಆದರೆ ಇದರಿಂದ ಕಲಿಯುವ ಪಾಠ ಎಲ್ಲರಿಗೂ ಸಲ್ಲುತ್ತದೆ: ಒಂದೇ ಹೊಲದಲ್ಲಿ ತೇವ ಒಂದೇ ಸಮನಾಗಿರುವುದಿಲ್ಲ. ಆದ್ದರಿಂದ ನೀರು ಕಟ್ಟುವ ಮುನ್ನ ಮೇಲ್ಮಣ್ಣನ್ನಷ್ಟೇ ನೋಡದೆ, ನಾಲ್ಕೈದು ಕಡೆ ಬೇರು ಹರಡಿದ ಆಳದಿಂದ ಮಣ್ಣು ತೆಗೆದು ಹಿಡಿಯಲ್ಲಿ ಅದುಮಿ ನೋಡಬೇಕು. ಕೆಂಪು ಗೋಡು ಮಣ್ಣು ಉಂಡೆ ಕಟ್ಟದೆ ಪುಡಿಯಾದರೆ ನೀರು ಬೇಕು. ಕಪ್ಪು ಮಣ್ಣು ಸಾಕಷ್ಟು ಒಣಗಿದ ಮೇಲೂ ಉಂಡೆ ಕಟ್ಟುವುದುಂಟು. ಅದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ, ಪಟ್ಟಿಯಾಗಿ ಬರುತ್ತದೆಯೇ ಎಂದು ನೋಡಬೇಕು. ನಾಲೆಯ ಬದಿಯಲ್ಲಿ ಹೊಸದಾಗಿ ಜೌಗು ಕಂಡರೆ ತಡಮಾಡದೆ ನೀರಾವರಿ ಸಿಬ್ಬಂದಿಗೆ ತಿಳಿಸಬೇಕು. ಕೇಬಲ್ ಇಲ್ಲದ ಕಡೆ ರೈತನ ಕಣ್ಣೇ ಏರಿಗೆ ಕಾವಲು.