ಹಳೆಯ ಕಾರಿನ ಸಂಧಿದೋಷ

ಮಕ್ಕಳಿಗೆ ವ್ಯಾಕರಣ ಪಾಠ ಹೇಳುವ ಮೇಷ್ಟರಿಗೆ ಮೋಟಾರು ಕಾರಿನ ವಿದ್ಯುತ್ತಿನ ಗೊಡವೆ ಏತಕ್ಕೆ ಎಂದು ತಾವು ಕೇಳಬಹುದು. ನನ್ನ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ 1951ರ ಒಂದು ಮಾರಿಸ್ ಮೈನರ್ ಕಾರೂ ಸೇರಿತ್ತು. ಗೊಡವೆ ಬಂದದ್ದು ಹಾಗೆ.

ಮೂರು ವರ್ಷಗಳ ಹಿಂದೆ ಅದು ಹಠ ಹಿಡಿಯಿತು. ಸ್ಟಾರ್ಟರ್ ಎಳೆದರೆ ಎಂಜಿನ್ನು ನರಳಿ, ಅರ್ಧ ಸುತ್ತು ತಿರುಗಿ ನಿಂತುಬಿಡುವುದು. ದೀಪಗಳು ಮಾತ್ರ ಚೆನ್ನಾಗಿಯೇ ಉರಿಯುತ್ತಿದ್ದವು. ಹೊಸ ಬ್ಯಾಟರಿ ತಂದೆ, ಗುಣ ಕಾಣಲಿಲ್ಲ. ಸ್ಟಾರ್ಟರ್ ಮೋಟಾರನ್ನು ಬಿಚ್ಚಿಸಿ ಹೊಸ ತಂತಿ ಸುತ್ತಿಸಿದೆ. ಆಗಲೂ ಅದೇ ನರಳಾಟ. ಒಂದು ತಿಂಗಳ ಸಂಬಳದ ಬಹುಭಾಗ ಕರಗಿತು. ಮನೆಯಾಕೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಕೊನೆಗೆ ಗುಜರಿಯವನನ್ನು ಕರೆಸಿ ಬೆಲೆ ಕೇಳಿದ್ದೂ ಆಯಿತು.

ಅಂದು ಸಂಜೆ ಕೊನೆಯ ಸಲವೆಂದು ಎಳೆದು ನೋಡುವಾಗ ಚೋಕಿನ ಗುಬುಟು ಕೈ ಸುಟ್ಟಿತು. ಹೊಗೆಯ ವಾಸನೆಯೂ ಬಂತು. ಗಾಬರಿಯಿಂದ ಓಡಿಹೋಗಿ, ಬೀದಿಯ ಕೊನೆಯಲ್ಲಿ ಲಾರಿಗಳಿಗೆ ವೈರಿಂಗ್ ಮಾಡುವ ವೃದ್ಧ ಸಾಬರನ್ನು ಕರೆತಂದೆ. ಅವರು ಗುಬುಟನ್ನು ಮುಟ್ಟಿ ನೋಡಿ ನಕ್ಕರು. “ಮೇಷ್ಟ್ರೇ, ಬ್ಯಾಟರಿದು ತಪ್ಪಿಲ್ಲ. ಕರೆಂಟು ವಾಪಸು ಮನೆಗೆ ಹೋಗೋ ದಾರಿ ಮುಚ್ಚಿದೆ” ಎಂದರು.

ಆ ದಾರಿ ಯಾವುದು? ಬ್ಯಾಟರಿಯ ಒಂದು ತುದಿಯಿಂದ ವಿದ್ಯುತ್ತು ತಂತಿಯಲ್ಲಿ ಹರಿಯುತ್ತದೆ; ಮರಳಿ ಬರುವುದಕ್ಕೆ ಬೇರೆ ತಂತಿಯಿಲ್ಲ, ಕಾರಿನ ಲೋಹದ ಮೈಯೇ ದಾರಿ. ಮಿಸ್ತ್ರಿಗಳು ಇದನ್ನು ‘ಅರ್ತ್’ ಎನ್ನುತ್ತಾರೆ. ಎಂಜಿನ್ನು ಕುಳಿತಿರುವುದು ರಬ್ಬರಿನ ಮೆತ್ತೆಗಳ ಮೇಲೆ. ರಬ್ಬರು ವಿದ್ಯುತ್ತನ್ನು ಬಿಡದು. ಆದುದರಿಂದ ಜಡೆಯಂತೆ ಹೆಣೆದ ಒಂದು ತಾಮ್ರದ ಪಟ್ಟಿ ಎಂಜಿನ್ನನ್ನೂ ಮೈಯನ್ನೂ ಕೂಡಿಸುತ್ತದೆ. ನಮ್ಮ ಕಾರಿನಲ್ಲಿ ಆ ಪಟ್ಟಿ ಎಣ್ಣೆ, ತುಕ್ಕು ಹಿಡಿದು, ಎಳೆಗಳು ಹರಿದು, ಹೆಸರಿಗೆ ಮಾತ್ರ ಉಳಿದಿತ್ತು. ಹೊರಟ ವಿದ್ಯುತ್ತು ಬೇರೆ ಹಾದಿ ಕಾಣದೆ ಚೋಕಿನ ತೆಳು ತಂತಿಯಲ್ಲಿ ನುಗ್ಗಿ ಅದನ್ನು ಕಾಯಿಸಿತು. ಇನ್ನೂ ನಾಲ್ಕು ಸಲ ಎಳೆದಿದ್ದರೆ, ಪೆಟ್ರೋಲಿನ ಪಕ್ಕದಲ್ಲಿ ಏನಾಗುತ್ತಿತ್ತೋ ದೇವರೇ ಬಲ್ಲ.

ಹಾಗಾದರೆ ದೀಪಗಳು ಉರಿದದ್ದು ಹೇಗೆ? ಲೆಕ್ಕ ಸುಲಭ. 12 ವೋಲ್ಟಿನಲ್ಲಿ 36 ವ್ಯಾಟಿನ ದೀಪಕ್ಕೆ 3 ಆಂಪಿಯರ್ ಸಾಕು. ಸ್ಟಾರ್ಟರಿಗೆ 100ಕ್ಕೂ ಮೇಲೆ ಬೇಕು. ದಾರಿಯಲ್ಲಿ ಓಮಿನ ಐವತ್ತನೆಯ ಒಂದು ಪಾಲು ತಡೆಯಿದ್ದರೂ, 100 ಆಂಪಿಯರಿಗೆ 2 ವೋಲ್ಟು ಅಲ್ಲಿಯೇ ನಷ್ಟ. ಅದೇ ತಡೆಯಲ್ಲಿ 3 ಆಂಪಿಯರ್ ಹರಿದರೆ ನಷ್ಟ 1 ವೋಲ್ಟಿನ ಹದಿನಾರನೆಯ ಪಾಲಿಗೂ ಕಡಿಮೆ, ಕಣ್ಣಿಗೆ ಕಾಣದು. ನಾನು ಮೋಸಹೋದದ್ದು ಇಲ್ಲಿಯೇ.

ಪರೀಕ್ಷೆಯನ್ನು ಸಾಬರೇ ಕಲಿಸಿದರು. ವೋಲ್ಟ್ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಹಿಡಿದು, ಇನ್ನೊಬ್ಬರಿಂದ ಸ್ಟಾರ್ಟರ್ ಎಳೆಸಬೇಕು. ಮುಳ್ಳು ಅಲ್ಲಾಡಿದರೂ ಅಲ್ಪವಾಗಿರಬೇಕು. ಅರ್ಧ ವೋಲ್ಟಿಗೂ ಮೇಲೆ ಹೋದರೆ ಆ ದಾರಿಯ ಕೂಡುಗಳನ್ನೆಲ್ಲ ಬಿಚ್ಚಿ, ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ಕೊಂಚ ವ್ಯಾಸಲೀನು ಸವರಬೇಕು.

ಎಚ್ಚರಿಕೆಗಳೂ ಉಂಟು. ಕೆಲಸಕ್ಕೆ ಮುಂಚೆ ಬ್ಯಾಟರಿಯ ಅರ್ತ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಸೇರಿಸತಕ್ಕದ್ದು. ಇಲ್ಲವಾದರೆ ಸ್ಪ್ಯಾನರು ತಗುಲಿ ಕಿಡಿ ಹಾರಿ, ಬ್ಯಾಟರಿಯಿಂದ ಹೊರಡುವ ಅನಿಲ ಹೊತ್ತಿಕೊಳ್ಳಬಹುದು. ಈ ಕಾರಿನಲ್ಲಿ ಅರ್ತ್ ಆಗಿರುವುದು ಧನ ತುದಿ. ಇಂದಿನ ಕಾರುಗಳಲ್ಲಿ ಋಣ ತುದಿ. ಹೊಸ ಬ್ಯಾಟರಿ ಹಾಕುವ ಹುಡುಗರಿಗೆ ಇದನ್ನು ನಾವೇ ಹೇಳಬೇಕು. ಫ್ಯೂಸು ಸುಟ್ಟರೆ ಸಿಗರೇಟಿನ ಬೆಳ್ಳಿ ಕಾಗದವನ್ನು ಸುತ್ತಿ ಕೂರಿಸುವ ಜಾಣತನವಂತೂ ಬೇಡವೇ ಬೇಡ.

ಎರಡು ಪದಗಳೂ ಶುದ್ಧವಾಗಿದ್ದು ಕೂಡುವ ಎಡೆಯಲ್ಲಿ ತಪ್ಪಾದರೆ ಅರ್ಥ ಕೆಡುತ್ತದೆಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ನನ್ನ ಬ್ಯಾಟರಿ ಶುದ್ಧ, ಮೋಟಾರೂ ಶುದ್ಧ, ಕೆಟ್ಟದ್ದು ಸಂಧಿ. ಅರ್ಥ ಕೆಡಲಿಲ್ಲ, ಅರ್ತ್ ಕೆಟ್ಟಿತು, ಅಷ್ಟೇ ವ್ಯತ್ಯಾಸ.

ಹೊಸ ಪಟ್ಟಿಗೆ ತಗುಲಿದ ಹಣ ಬ್ಯಾಟರಿಯ ಬೆಲೆಯ ಮುಂದೆ ಏನೂ ಅಲ್ಲ. ಸಾಬರು ಚಹಾ ಕುಡಿದು ಹೊರಟರು. ಈಗ ಪ್ರತಿ ಭಾನುವಾರ ಮನೆಯಾಕೆಯೊಡನೆ ಅದೇ ಕಾರಿನಲ್ಲಿ ದೇವಸ್ಥಾನಕ್ಕೆ ಹೋಗಿಬರುತ್ತೇನೆ. ಗುಜರಿಯವನು ಎದುರಿಗೆ ಸಿಕ್ಕಿದರೆ ಒಮ್ಮೆ ಹಾರನ್ ಒತ್ತುವುದುಂಟು.